ಮೊದಲು ಮುರೀಲಿ, ಆಮೇಲೆ ಸೂತ್ರ

ಎಲ್ಲರಿಗೂ ನಮಸ್ಕಾರ. ಒಂದು ಹೊಸ ಸೀಮೆಸುಣ್ಣ ತಗೊಳ್ಳಿ. ಎರಡೂ ತುದಿ ಹಿಡಿದು, ಬಗ್ಗಿಸದೆ, ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಚಿ. ಮುರಿದ ಜಾಗ ನೋಡಿ. ನೇರ ಇರಲ್ಲ, ಸುಮಾರು 45 ಡಿಗ್ರಿ ಓರೆಯಾಗಿ, ಸುರುಳಿ ಸುತ್ತಿಕೊಂಡು ಹೋಗಿರುತ್ತೆ. ನೀವು ತಿರುಚಿದ್ರಿ, ಒಳಗಡೆ ಓರೆ ದಿಕ್ಕಲ್ಲಿ ಎಳೆತ ಹುಟ್ಟಿತು. ಸೀಮೆಸುಣ್ಣ ಎಳೆತ ತಡೆಯಲ್ಲ, ಆ ಎಳೆತಕ್ಕೆ ಅಡ್ಡಲಾಗಿ ಬಾಯಿ ಬಿಡ್ತು. ಮೈಲ್ಡ್ ಸ್ಟೀಲ್ ಸರಳನ್ನ ಹೀಗೇ ತಿರುಚಿದ್ರೆ ಅದು ಸಪಾಟಾಗಿ ತುಂಡಾಗುತ್ತೆ, ಯಾಕಂದ್ರೆ ಅದು ಸೋಲೋದು ಜಾರುವ ಬಲಕ್ಕೆ, ಅಂದ್ರೆ ಒಂದು ಪದರ ಇನ್ನೊಂದರ ಮೇಲೆ ಜಾರುವಂತೆ ತಳ್ಳೋ ಬಲಕ್ಕೆ.

ನಾನು ಮೆಕ್ಯಾನಿಕಲ್ ಇಂಜಿನಿಯರ್. ಸಾಲಿಡ್ ಮೆಕ್ಯಾನಿಕ್ಸ್, ಅಂದ್ರೆ ಘನವಸ್ತುಗಳು ಬಲಕ್ಕೆ ಹೇಗೆ ಬಾಗುತ್ತವೆ, ಮುರಿಯುತ್ತವೆ ಅನ್ನೋದರ ಸಂಶೋಧನೆ ನನ್ನ ಕೆಲಸ, ನನ್ನ ಹುಚ್ಚು ಕೂಡ. "ಅದು ಹಳೇ ಸಬ್ಜೆಕ್ಟು, ಎಲ್ಲಾ ಕಂಡುಹಿಡಿದು ಮುಗಿದಿದೆಯಲ್ಲ" ಅಂತಾರೆ. ಖಂಡಿತ ಮುಗಿದಿಲ್ಲ.

ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎ. ಎ. ಗ್ರಿಫಿತ್ ಅನ್ನೋ ಇಂಜಿನಿಯರ್ ಗಾಜಿನ ಎಳೆಗಳನ್ನ ಎಳೆದು ಮುರೀತಿದ್ದರು. ಸುಮಾರು 1 ಮಿಲಿಮೀಟರ್ ದಪ್ಪದ ಎಳೆ 170 ಮೆಗಾಪ್ಯಾಸ್ಕಲ್ (ಪ್ರತಿ ಚದರ ಮಿಲಿಮೀಟರ್ ಮೇಲೆ ಬೀಳೋ ಬಲದ ಅಳತೆ) ಆಸುಪಾಸಿನಲ್ಲಿ ಮುರೀತು. 3 ಮೈಕ್ರಾನ್ ಚಿಲ್ಲರೆಯ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಳೆ? ಸುಮಾರು 3,400! ಅದೇ ಗಾಜು, ಇಪ್ಪತ್ತು ಪಟ್ಟು ಗಟ್ಟಿ. ದಪ್ಪ ಎಳೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಬಲ ಅವುಗಳ ತುದಿಯಲ್ಲಿ ಗುಂಪುಗೂಡುತ್ತೆ ಅಂತ 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಬಿರುಕು ಬೆಳೆಯೋಕೆ ಬೇಕಾದ ಶಕ್ತಿಯ ಲೆಕ್ಕವನ್ನೂ ಕೊಟ್ಟರು.

1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಮೇಲೆ ಆಕಾಶದಲ್ಲೇ ಒಡೆದು ಬಿದ್ದವು. ತನಿಖೆ ನಡೆದಿದ್ದು ಅದೇ ಫಾರ್ನ್‌ಬರೋದಲ್ಲಿ. ಇಡೀ ವಿಮಾನದ ಒಡಲನ್ನ ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ಒತ್ತಡ ತುಂಬೋದು, ಇಳಿಸೋದು, ಮತ್ತೆ ತುಂಬೋದು. ಕೊನೆಗೆ ಕಿಟಕಿಯ ಮೂಲೆಯಿಂದ ಸೀಳಿತು. ಒಂದೇ ಸಲ ಹಾಕಿದ್ರೆ ಏನೂ ಆಗದಂಥ ಒತ್ತಡ ಅದು. ಸಾವಿರಾರು ಸಲ ಬಂದಾಗ ಲೋಹ ದಣಿದುಹೋಯ್ತು. ಇವತ್ತು 3ಡಿ ಪ್ರಿಂಟ್ ಮಾಡಿದ ಲೋಹದೊಳಗೆ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಅಂಥ ಭಾಗ ಹೀಗೆ ಎಷ್ಟು ಸಲ ಬಲ ಬಂದು ಹೋಗೋವರೆಗೆ ಬಾಳುತ್ತೆ ಅಂತ ನಿಖರವಾಗಿ ಹೇಳೋದು ಈಗಲೂ ಕಷ್ಟ. ಹೀಗಿರುವಾಗ ಮುಗಿದ ಸಬ್ಜೆಕ್ಟ್ ಅನ್ನೋದು ಹೇಗೆ?

ನಮ್ಮ ಕಾಲೇಜುಗಳಲ್ಲಿ ಮಕ್ಕಳು ಮೋರ್ಸ್ ಸರ್ಕಲ್ (ಯಾವ ದಿಕ್ಕಲ್ಲಿ ಎಷ್ಟು ಎಳೆತ, ಎಷ್ಟು ಜಾರುವ ಬಲ ಅಂತ ತೋರಿಸೋ ವೃತ್ತದ ಚಿತ್ರ) ಬಾಯಿಪಾಠ ಮಾಡ್ತಾರೆ, ಇಂಟರ್ನಲ್ಸ್ ಬರೀತಾರೆ, ಮರೀತಾರೆ. ಲ್ಯಾಬ್‌ನಲ್ಲಿ ಯುಟಿಎಂ (ಲೋಹವನ್ನ ಎಳೆದು ಪರೀಕ್ಷಿಸೋ ಯಂತ್ರ) ಮೇಲೆ ಒಬ್ಬರು ಸರಳು ಎಳೀತಾರೆ, ಉಳಿದವರು ರೀಡಿಂಗ್ ಕಾಪಿ ಹೊಡೀತಾರೆ. ಇದು ನನಗೆ ನಿಜಕ್ಕೂ ಸಂಕಟ ತರುತ್ತೆ. ಸರಳಿನ ನಡು ಸಣ್ಣಗಾಗೋದನ್ನ ಹತ್ತಿರದಿಂದ ನೋಡಬೇಕು. ಮುರಿದ ತುದಿ ಮುಟ್ಟಿದರೆ ಬೆಚ್ಚಗಿರುತ್ತೆ; ನಾವು ಹಾಕಿದ ಕೆಲಸವೇ ಶಾಖವಾಗಿದೆ. ಮುರಿದ ಜಾಗದಲ್ಲಿ ಒಂದು ತುಂಡು ಬಟ್ಟಲಿನ ಆಕಾರ, ಇನ್ನೊಂದು ಅದರಲ್ಲಿ ಕೂರೋ ಶಂಕು.

ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಕ್ಲಾಸಿಗೆ ಒಂದು ಡಬ್ಬಿ ಸೀಮೆಸುಣ್ಣ ಹೆಚ್ಚಿಗೆ ತನ್ನಿ, ಪ್ರತಿಯೊಬ್ಬರ ಕೈಗೂ ಒಂದೊಂದು ಕೊಡಿ. ಯಾಕೆ ಓರೆಯಾಗಿ ಮುರೀತು ಅಂತ ಅವರೇ ಕೇಳೋವರೆಗೂ ಬೋರ್ಡ್ ಮೇಲೆ ಸೂತ್ರ ಬರೀಬೇಡಿ.