ಓದುಗರಿಗೆ ಎಂಥ ನಾಯಕಿ ಬೇಕು?

[ದೃಶ್ಯ: ಮಡಿಕೇರಿಯ ಮಳೆ, ಕಿಟಕಿಯ ಪಕ್ಕ ತೆರೆದಿಟ್ಟ ಪುಸ್ತಕ]

ಎಲ್ಲರಿಗೂ ನಮಸ್ಕಾರ. ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಓದುವ ಗೆಳೆಯ ಗೆಳತಿಯರನ್ನು ‘ನಿಮಗೆ ಎಂಥ ನಾಯಕಿ ಇಷ್ಟ?’ ಎಂದು ಕೇಳಿದಾಗಲೆಲ್ಲ ನನಗೆ ಮೊದಲು ಸಿಗುವ ಉತ್ತರ ‘ಗಟ್ಟಿಗಿತ್ತಿ’ ಎಂಬುದು. ಮಾತು ಬೆಳೆದಂತೆ, ಕತ್ತಿ ಹಿಡಿದು ಹತ್ತು ಜನರನ್ನು ಕೆಡವಿದರೂ ಕಥೆಯ ತಿರುವುಗಳೆಲ್ಲ ನಾಯಕನ ಪಾಲಾದಾಗ ಸುಮ್ಮನೆ ನಿಂತು ನೋಡುವವಳ ಬಗ್ಗೆ ಅವರಿಗಿರುವ ಬೇಸರ ಹೊರಬರುತ್ತದೆ. ಅವರು ಹುಡುಕುತ್ತಿರುವುದು ತೋಳ್ಬಲವನ್ನಲ್ಲ, ಕಥೆಯ ದಿಕ್ಕನ್ನೇ ಬದಲಿಸುವ ನಿರ್ಧಾರವನ್ನು ಎಂದು ನನಗೆ ಅನ್ನಿಸುತ್ತದೆ.

ಕೊಡಗಿನವರಿಗೆ ಇದು ಹೊಸ ಮಾತಲ್ಲ. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನ ಕೈಹಿಡಿದ ಕಾವೇರಿ, ಆತ ಮಾತು ತಪ್ಪಿದ ದಿನ ನದಿಯಾಗಿ ಹೊರಟೇಬಿಟ್ಟಳು.

[ದೃಶ್ಯ: ಕೊಡವ ಸೀರೆಯ ಹಿಂಬದಿಯ ನೆರಿಗೆ, ಹತ್ತಿರದಿಂದ]

ನಮ್ಮ ಪಕ್ಕದ ಮನೆಯ ಕೊಡವ ಅಜ್ಜಿ ಸೀರೆಯ ನೆರಿಗೆಗಳನ್ನು ಒಂದೊಂದಾಗಿ ಹಿಡಿದು ಸೊಂಟದ ಹಿಂದಕ್ಕೆ ಸಿಕ್ಕಿಸುತ್ತ, ಕೊಡಗಿನ ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿದ ಐತಿಹ್ಯವನ್ನು ನನಗೆ ಹೇಳಿದ್ದರು. ಒಬ್ಬ ಹೆಣ್ಣಿನ ನಿರ್ಧಾರ ಊರಿನ ಉಡುಗೆಯಲ್ಲೇ ಉಳಿದಿರುವುದನ್ನು ಆ ದಿನ ನಾನು ಕಣ್ಣಾರೆ ಕಂಡೆ.

ಮುದ್ರಿತ ಸಾಹಿತ್ಯದಲ್ಲಿಯೂ ಈ ಎಳೆ ಹಳೆಯದೇ. ಗಂಡಸರು ಅಂತಃಪುರದಲ್ಲಿದ್ದು ಹೆಂಗಸರು ಸೂರ್ಯಶಾಖದಿಂದ ಯುದ್ಧ ಗೆಲ್ಲುವ ನಾಡನ್ನು ಬಂಗಾಳದ ಲೇಖಕಿ ರೊಕೇಯಾ 1905ರಲ್ಲೇ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಕಲ್ಪಿಸಿದ್ದರು. ಅಮೆರಿಕದ ಲೇಖಕಿ ಎನ್.ಕೆ. ಜೆಮಿಸಿನ್ ಅವರಿಗೆ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು 2016ರಲ್ಲಿ ತಂದ ‘ದಿ ಫಿಫ್ತ್ ಸೀಸನ್’ ಕಾದಂಬರಿಯ ನಾಯಕಿ ನಲವತ್ತು ದಾಟಿದ, ಮಗುವನ್ನು ಕಳೆದುಕೊಂಡ ತಾಯಿ.

ನಾನು ಮತ್ತೆ ಮತ್ತೆ ಮರಳುವುದು ಮಾತ್ರ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ನಾಯಕಿ ಟೆನಾರ್ ಬಳಿಗೆ. 1971ರ ‘ದಿ ಟೂಂಬ್ಸ್ ಆಫ್ ಅಟುವಾನ್’ನಲ್ಲಿ, ಎಳವೆಯಲ್ಲೇ ಮನೆಯಿಂದ ಕರೆತಂದು ಅರ್ಚಕಿಯನ್ನಾಗಿ ಮಾಡಿದ ಈ ಹುಡುಗಿಯ ನೆಲಮಾಳಿಗೆಯ ಚಕ್ರವ್ಯೂಹಕ್ಕೆ ಗೆಡ್ ಎಂಬ ಮಾಂತ್ರಿಕ ನುಗ್ಗಿ ಸಿಕ್ಕಿಬೀಳುತ್ತಾನೆ. ಆ ಕತ್ತಲೆಯಲ್ಲಿ, ಬಾಯಾರಿ ಬಳಲಿದ ಅವನಿಗೆ ನೀರು ಕೊಡಬೇಕೆ, ಸಾಯಲು ಬಿಡಬೇಕೆ ಎಂಬುದನ್ನು ತೀರ್ಮಾನಿಸಬೇಕಾದವಳು ಅವಳೇ. ಆತನ ಮಂತ್ರವಿದ್ಯೆಯಷ್ಟೇ ಅಲ್ಲ, ಇಡೀ ಕಾದಂಬರಿಯೇ ಅವಳ ಆ ಒಂದು ತೀರ್ಮಾನಕ್ಕಾಗಿ ಕಾಯುತ್ತದೆ.

ಈ ಕಥೆಯನ್ನು ಅಜ್ಜಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹೊರಗೆ ಬಂದ ಮೇಲೆ ಅವಳು ಏನು ಮಾಡಿದಳು?’

[ದೃಶ್ಯ: ಮಂಜು ಕವಿದ ಕಾಫಿ ತೋಟ]

ಲೆ ಗ್ವಿನ್ ಅದನ್ನು 1990ರ ‘ತೆಹಾನು’ವಿನಲ್ಲಿ ಬರೆದರು. ಟೆನಾರ್ ಅಲ್ಲಿ ರೈತನೊಬ್ಬನ ವಿಧವೆ. ಬೆಂಕಿಯಲ್ಲಿ ಬೆಂದು ಬದುಕುಳಿದ, ಯಾರಿಗೂ ಬೇಡವಾದ ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಮಾಂತ್ರಿಕ ಸಾಹಸಗಳನ್ನು ಬಯಸಿ ಬಂದ ಕೆಲವು ಓದುಗರಿಗೆ ಈ ಪುಸ್ತಕ ರುಚಿಸಲಿಲ್ಲ. ಅಡುಗೆ, ಮೇಕೆ, ಹೊಲಗಳ ನಡುವೆ ಬದುಕುವವಳನ್ನೂ ಫ್ಯಾಂಟಸಿಯ ನಾಯಕಿಯೆಂದು ನಿಲ್ಲಿಸಿದ ಆ ಧೈರ್ಯಕ್ಕಾಗಿಯೇ ಇದು ನನಗೆ ಇದೇ ಸರಣಿಯ ಮೊದಲ ಪುಸ್ತಕಗಳಿಗಿಂತ ಪ್ರಿಯ, ಮತ್ತು ಮುಂದಿನ ಭಾನುವಾರ ಅಜ್ಜಿಗೆ ನಾನು ಹೇಳಲಿರುವ ಕಥೆಯೂ ಇದೇ.