ಉತ್ತರ ಸಿಗದ ಪ್ರಶ್ನೆ ಮಾಡುವ ಕೆಲಸ

ಮಾನ್ಯ ಅಧ್ಯಕ್ಷರೇ, ಸ್ನೇಹಿತರೇ,

ಎರಡು ದಿನಾಂಕಗಳಿಂದ ಮಾತು ಆರಂಭಿಸುತ್ತೇನೆ. 2023ರ ಸೆಪ್ಟೆಂಬರ್ 21ರ ಗುರುವಾರ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಡಗ್ ಫೋರ್ಡ್, ಅಂದರೆ ನಮ್ಮ ಲೆಕ್ಕದಲ್ಲಿ ಅಲ್ಲಿನ ಮುಖ್ಯಮಂತ್ರಿ, ನಯಾಗರಾ ಫಾಲ್ಸ್ ಊರಿನಲ್ಲಿ ಪತ್ರಕರ್ತರ ಮುಂದೆ ನಿಂತು, ಹತ್ತು ತಿಂಗಳಿನಿಂದ ತಾವು ಸಮರ್ಥಿಸಿಕೊಂಡು ಬಂದಿದ್ದ ತೀರ್ಮಾನವೊಂದು ತಪ್ಪಾಗಿತ್ತೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಬೇಸಿಗೆಯ ಬಿಡುವಿನ ನಂತರ ಅಲ್ಲಿನ ಶಾಸನಸಭೆ ಮತ್ತೆ ಸೇರಬೇಕಾಗಿದ್ದದ್ದು ಸೆಪ್ಟೆಂಬರ್ 25ರ ಸೋಮವಾರ. ನಡುವೆ ಉಳಿದಿದ್ದದ್ದು ಒಂದು ಶುಕ್ರವಾರ ಮತ್ತು ಒಂದು ವಾರಾಂತ್ಯ. 124 ಸದಸ್ಯರ ಸಭೆಯಲ್ಲಿ 2022ರ ಚುನಾವಣೆಯಲ್ಲಿ 83 ಸ್ಥಾನ ಗೆದ್ದು ಬಂದಿದ್ದ ಸರ್ಕಾರ ಅದು. ಮುಖ್ಯ ವಿರೋಧ ಪಕ್ಷವಾದ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ ಸಿಕ್ಕಿದ್ದದ್ದು 31. ಮತಕ್ಕೆ ಹಾಕಿದರೆ ಯಾವ ಕಾಲಕ್ಕೂ ಸೋಲದ ಸರ್ಕಾರವೊಂದು, ಸದನ ಸೇರುವುದಕ್ಕೆ ನಾಲ್ಕು ದಿನ ಮೊದಲು ಏಕೆ ಹಿಂದೆ ಸರಿಯಿತು ಎಂಬುದನ್ನು ಹುಡುಕುತ್ತಾ ಹೋದರೆ, ವಿರೋಧ ಪಕ್ಷದ ಶಾಸಕರೊಬ್ಬರ ಪ್ರಶ್ನೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಸ್ವಲ್ಪ ತಿಳಿಯುತ್ತದೆ.

ವಿಷಯ ಭೂಮಿಯದು. ಟೊರೊಂಟೊ ನಗರವನ್ನು ಸುತ್ತುವರಿದ, ನಯಾಗರಾದ ಹಣ್ಣಿನ ತೋಟಗಳಿಂದ ಹಿಡಿದು ಓಕ್ ರಿಡ್ಜಸ್ ಮೊರೇನ್ ಎಂಬ ನೀರಿನ ಸೆಲೆಗಳ ದಿಬ್ಬಗಳವರೆಗೆ ಹಬ್ಬಿದ ಸುಮಾರು 20 ಲಕ್ಷ ಎಕರೆ ಕೃಷಿಭೂಮಿ, ಕಾಡು ಮತ್ತು ಜೌಗು ಪ್ರದೇಶವನ್ನು 2005ರಲ್ಲಿ ಕಾಯಿದೆಯೊಂದರ ಮೂಲಕ ಗ್ರೀನ್‌ಬೆಲ್ಟ್ ಎಂದು ಕಾಯ್ದಿರಿಸಲಾಯಿತು. ಅಲ್ಲಿ ಬಡಾವಣೆ ಕಟ್ಟುವಂತಿಲ್ಲ. ಕಟ್ಟುವಂತಿಲ್ಲ ಎಂಬ ಕಾರಣಕ್ಕೇ ಆ ನೆಲದ ಬೆಲೆ ಕಡಿಮೆ. ಕಟ್ಟಬಹುದು ಎಂಬ ಒಂದು ಸಾಲು ಬಿದ್ದ ಮರುಕ್ಷಣ ಅದೇ ಮಣ್ಣಿಗೆ ಚಿನ್ನದ ಬೆಲೆ. ಡಿನೋಟಿಫಿಕೇಷನ್ ಎಂಬ ಇಂಗ್ಲಿಷ್ ಪದವನ್ನು ಹಳ್ಳಿಯ ಕಟ್ಟೆಯ ಮೇಲೂ ಸಲೀಸಾಗಿ ಬಳಸುವ ಕರ್ನಾಟಕದ ಜನರಿಗೆ ಈ ಅರ್ಥಶಾಸ್ತ್ರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

2022ರ ನವೆಂಬರ್ 4ರಂದು ವಸತಿ ಸಚಿವ ಸ್ಟೀವ್ ಕ್ಲಾರ್ಕ್ ಅವರ ಇಲಾಖೆ, ಗ್ರೀನ್‌ಬೆಲ್ಟಿನ 15 ಜಾಗಗಳಲ್ಲಿ ಸುಮಾರು 7,400 ಎಕರೆಯನ್ನು ಹೊರತೆಗೆದು, ಬದಲಿಗೆ ಬೇರೆಡೆ 9,400 ಎಕರೆಯನ್ನು ಸೇರಿಸುವ ಪ್ರಸ್ತಾವವನ್ನು ಪ್ರಕಟಿಸಿತು. ಸರ್ಕಾರದ ವಾದವನ್ನು ತಳ್ಳಿಹಾಕದೆ ಕೇಳಬೇಕು. ಪ್ರಾಂತ್ಯಕ್ಕೆ ವಲಸೆ ಬರುವವರ ಸಂಖ್ಯೆ ಏರುತ್ತಿತ್ತು, ಮನೆಯ ಬೆಲೆ ದುಡಿಯುವವರ ಕೈಗೆ ಎಟುಕದಂತಾಗಿತ್ತು, ಹತ್ತು ವರ್ಷದಲ್ಲಿ 15 ಲಕ್ಷ ಮನೆ ಕಟ್ಟಿಸುವುದಾಗಿ ಸರ್ಕಾರ ಮಾತು ಕೊಟ್ಟಿತ್ತು, ಈ ಜಾಗಗಳಲ್ಲಿ ಕನಿಷ್ಠ 50,000 ಮನೆ ಬರುತ್ತವೆ ಎಂದು ಹೇಳಿತು. ಟೊರೊಂಟೊ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಆ ಬಾಡಿಗೆ ಮತ್ತು ಕಂತಿನ ಸಂಕಟ ಅನುಭವದ್ದೇ. ಆದರೆ 15 ಲಕ್ಷದ ಗುರಿಯನ್ನು ಹಾಕಿಕೊಟ್ಟ ಸರ್ಕಾರದ್ದೇ ಕಾರ್ಯಪಡೆ 2022ರ ಫೆಬ್ರವರಿಯ ವರದಿಯಲ್ಲಿ, ಸಮಸ್ಯೆಗೆ ಭೂಮಿಯ ಕೊರತೆ ಕಾರಣವಲ್ಲ, ಗ್ರೀನ್‌ಬೆಲ್ಟಿನ ಹೊರಗೂ ಈಗಿರುವ ಊರುಗಳ ಒಳಗೂ ಬೇಕಾದಷ್ಟು ಜಾಗವಿದೆ ಎಂದು ಬರೆದಿತ್ತು. ಗ್ರೀನ್‌ಬೆಲ್ಟನ್ನು ಮುಟ್ಟುವುದಿಲ್ಲ ಎಂದು ಫೋರ್ಡ್ ಅವರೇ 2018ರ ಚುನಾವಣೆಗೆ ಮೊದಲು ಮಾತು ಕೊಟ್ಟಿದ್ದರು.

ಇಲ್ಲಿ ಸದನದ ಪ್ರಶ್ನಾವೇಳೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯನ್ನು ಸದಸ್ಯರು ಮುಂಚಿತವಾಗಿ ಬರೆದು ಕೊಡುತ್ತಾರೆ, ಇಲಾಖೆ ಉತ್ತರವನ್ನು ಸಿದ್ಧಪಡಿಸುತ್ತದೆ, ಮಂತ್ರಿಗಳು ಎದ್ದು “ಉತ್ತರ ಒದಗಿಸಿದ್ದೇನೆ” ಎನ್ನುತ್ತಾರೆ, ಆಮೇಲೆ ಉಪಪ್ರಶ್ನೆಗಳು ಏಳುತ್ತವೆ. ಕ್ವೀನ್ಸ್ ಪಾರ್ಕ್ ಎಂದು ಕರೆಯಲಾಗುವ ಟೊರೊಂಟೊದ ಆ ಸದನದಲ್ಲಿ ಮೌಖಿಕ ಪ್ರಶ್ನೆಗೆ ಮುನ್ಸೂಚನೆ ಇಲ್ಲ. ಕೇಳುವವರಿಗೆ ಒಂದು ನಿಮಿಷ, ಹೇಳುವವರಿಗೆ ಒಂದು ನಿಮಿಷ. ವಿರೋಧ ಪಕ್ಷದ ನಾಯಕರಿಗೆ ಎರಡು ಮುಖ್ಯ ಪ್ರಶ್ನೆ, ಒಂದೊಂದಕ್ಕೂ ಎರಡೆರಡು ಉಪಪ್ರಶ್ನೆ. ಪ್ರೀಮಿಯರ್ ಅವರನ್ನು ಉದ್ದೇಶಿಸಿ ಕೇಳಿದರೂ ಅವರು ಬೇರೊಬ್ಬ ಮಂತ್ರಿಯ ಕಡೆಗೆ ಕೈ ತೋರಿಸಬಹುದು. ಆ ಮಂತ್ರಿ ಕೇಳಿದ್ದನ್ನು ಬಿಟ್ಟು ಬೇರೆ ಏನನ್ನಾದರೂ ಹೇಳಬಹುದು. ಉತ್ತರದ ಗುಣಮಟ್ಟವನ್ನು ಸ್ಪೀಕರ್ ಅಳೆಯುವುದಿಲ್ಲ. ತೃಪ್ತಿಯಾಗದ ಸದಸ್ಯರು ನೋಟಿಸು ಕೊಟ್ಟು ದಿನದ ಕೊನೆಗೆ ಐದು ನಿಮಿಷ ಮಾತಾಡಬಹುದು, ಸರ್ಕಾರ ಐದು ನಿಮಿಷ ಉತ್ತರಿಸಬಹುದು, ಅದನ್ನು ಅಲ್ಲಿ “ಲೇಟ್ ಶೋ” ಎನ್ನುತ್ತಾರೆ. ಆ ಹೊತ್ತಿಗೆ ಸದನದಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಆಡಳಿತ ಪಕ್ಷದ ಹಿಂದಿನ ಸಾಲಿನವರು ತಮ್ಮದೇ ಮಂತ್ರಿಗೆ ಹೂವಿನಂಥ ಪ್ರಶ್ನೆ ಎಸೆಯುವ ಪದ್ಧತಿ ಮಾತ್ರ ಅಲ್ಲಿಗೂ ಇಲ್ಲಿಗೂ ಸಮಾನ.

ನಮ್ಮ ಪದ್ಧತಿಯಲ್ಲಿ ಅಂಕಿಅಂಶ ಸಿಗುತ್ತದೆ, ಅಲ್ಲಿಯದರಲ್ಲಿ ಮಂತ್ರಿಯ ಮುಖ ಕಾಣುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಒಲವು ನಮ್ಮ ಲಿಖಿತ ಉತ್ತರದ ಕಡೆಗೇ ಇದೆ, ಏಕೆಂದರೆ ಕಾಗದದ ಮೇಲಿನ ಸಂಖ್ಯೆಯನ್ನು ಹತ್ತು ವರ್ಷದ ನಂತರವೂ ತೆಗೆದು ತೋರಿಸಬಹುದು. ಆದರೆ ಒಂಟಾರಿಯೊದ ಪ್ರಕರಣ ನನ್ನ ಈ ಒಲವನ್ನು ತುಸು ಸಡಿಲಿಸಿತು.

2022ರ ನವೆಂಬರಿನಲ್ಲಿ ‘ಟೊರೊಂಟೊ ಸ್ಟಾರ್’ ಪತ್ರಿಕೆ ಮತ್ತು ‘ದಿ ನಾರ್‌ವಾಲ್’ ಎಂಬ ಸುದ್ದಿಸಂಸ್ಥೆ, ಹೊರತೆಗೆಯಲಿರುವ ಜಾಗಗಳ ಒಡೆತನವನ್ನು ಕೆದಕಿದವು. ಕೆಲವು ಜಾಗಗಳು ಇತ್ತೀಚೆಗಷ್ಟೇ ಕೈ ಬದಲಾಗಿದ್ದವು. ಕಿಂಗ್ ಟೌನ್‌ಶಿಪ್ಪಿನ ಒಂದು ಜಾಗ ಪ್ರಸ್ತಾವಕ್ಕೆ ಎರಡು ತಿಂಗಳೂ ಇಲ್ಲದಾಗ, ಸೆಪ್ಟೆಂಬರಿನಲ್ಲಿ, 8 ಕೋಟಿ ಡಾಲರಿಗೆ ಮಾರಾಟವಾಗಿತ್ತು. ಕಟ್ಟಲು ಬಾರದ ನೆಲಕ್ಕೆ ಇಷ್ಟು ಹಣ ಹೂಡುವವರಿಗೆ ಮುಂದೆ ಆಗುವುದು ಗೊತ್ತಿತ್ತೇ? ಸದನದಲ್ಲಿ ವಿರೋಧ ಪಕ್ಷದವರು ತಿರುಗಿಸಿ ಮುರುಗಿಸಿ ಕೇಳಿದ್ದು ಇದೊಂದನ್ನೇ. ಮೊದಲೇ ಸುಳಿವು ಕೊಟ್ಟಿದ್ದೀರಾ ಎಂಬುದಕ್ಕೆ ಸರ್ಕಾರದ ಉತ್ತರ, ಇಲ್ಲ ಎಂಬುದಾಗಿತ್ತು. ಉಳಿದ ಸಮಯವೆಲ್ಲ ಮನೆಯ ಕೊರತೆಯ ಮಾತು. ಡಿಸೆಂಬರ್ 4ಕ್ಕೆ ಮುಗಿದ ಸಾರ್ವಜನಿಕ ಅಭಿಪ್ರಾಯ ಸಂಗ್ರಹದಲ್ಲಿ 35,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದು, ಬಹುಪಾಲು ವಿರೋಧವಾಗಿಯೇ ಇದ್ದರೂ ಹತ್ತು ದಿನದಲ್ಲಿ ಪ್ರಸ್ತಾವ ಬದಲಾವಣೆಯಿಲ್ಲದೆ ಜಾರಿಯಾಯಿತು.

ಅಂದರೆ ಪ್ರಶ್ನಾವೇಳೆಯಿಂದ ಏನೂ ಆಗಲಿಲ್ಲ, ಮೇಲುನೋಟಕ್ಕೆ. ಆದರೆ “ಇಲ್ಲ” ಎಂಬ ಆ ಒಂದು ಪದ ಸದನದ ಕಡತವಾದ ಹ್ಯಾನ್ಸಾರ್ಡಿನಲ್ಲಿ ಅಚ್ಚಾಗಿತ್ತು. ಸುಮ್ಮನಿದ್ದವರನ್ನು ಯಾರೂ ಹಿಡಿಯಲಾರರು, ನಿರಾಕರಿಸಿದವರನ್ನು ಹಿಡಿಯಬಹುದು. ಟೊರೊಂಟೊದ ಡೇವನ್‌ಪೋರ್ಟ್ ಕ್ಷೇತ್ರದ ಶಾಸಕಿ ಮಾರಿಟ್ ಸ್ಟೈಲ್ಸ್ ಮಾಡಿದ್ದು ಇದನ್ನೇ. ಅವರು ಆಗಿನ್ನೂ ವಿರೋಧ ಪಕ್ಷದ ನಾಯಕಿಯಲ್ಲ, ಆ ಸ್ಥಾನಕ್ಕೆ ಬಂದದ್ದು 2023ರ ಫೆಬ್ರವರಿಯಲ್ಲಿ. ಒಂಟಾರಿಯೊದಲ್ಲಿ ಶಾಸಕರ ನಡತೆಗೆ ಸಂಬಂಧಿಸಿದ 1994ರ ಕಾಯಿದೆಯೊಂದಿದೆ. ಅದರ ಪ್ರಕಾರ ಯಾವ ಸದಸ್ಯರಾದರೂ ಸಕಾರಣವಾಗಿ ಮತ್ತೊಬ್ಬ ಸದಸ್ಯರ ಮೇಲೆ, ಮಂತ್ರಿಯ ಮೇಲೂ, ಇಂಟೆಗ್ರಿಟಿ ಕಮಿಷನರ್ ಅವರ ಅಭಿಪ್ರಾಯ ಕೋರಬಹುದು. ಆ ಕಮಿಷನರ್ ಸರ್ಕಾರದ ನೌಕರರಲ್ಲ, ಶಾಸನಸಭೆಯ ಅಧಿಕಾರಿ. ಸ್ಟೈಲ್ಸ್ 2022ರ ಡಿಸೆಂಬರಿನಲ್ಲಿ ಸಚಿವ ಕ್ಲಾರ್ಕ್ ಅವರ ಬಗ್ಗೆ ಅಂಥ ಕೋರಿಕೆ ಸಲ್ಲಿಸಿದರು. ಜನವರಿಯಲ್ಲಿ ಕಮಿಷನರ್ ಡೇವಿಡ್ ವೇಕ್ ವಿಚಾರಣೆ ಆರಂಭಿಸಿದರು. ಅದೇ ತಿಂಗಳು ಮೂರು ವಿರೋಧ ಪಕ್ಷಗಳು ಒಟ್ಟಾಗಿ ಲೆಕ್ಕ ಪರಿಶೋಧಕರಾದ ಆಡಿಟರ್ ಜನರಲ್ ಬಾನಿ ಲೈಸಿಕ್ ಅವರಿಗೆ ಪತ್ರ ಬರೆದವು. ಅವರೂ ಪರಿಶೀಲನೆಗೆ ಒಪ್ಪಿದರು. ಸದನದಲ್ಲಿ ಒಂದು ನಿಮಿಷದ ಪ್ರಶ್ನೆಯಾಗಿದ್ದದ್ದು ಈಗ ಕಡತ ತರಿಸುವ, ಸಾಕ್ಷಿಗಳನ್ನು ಕರೆದು ಕೂರಿಸುವ ಅಧಿಕಾರವುಳ್ಳವರ ಕೈ ಸೇರಿತು.

2023ರ ಆಗಸ್ಟ್ 9ರಂದು ಆಡಿಟರ್ ಜನರಲ್ ವರದಿ ಹೊರಬಂತು. 15 ಜಾಗಗಳಲ್ಲಿ 14ನ್ನು ಸೂಚಿಸಿದ್ದು ಸಚಿವರ ಚೀಫ್ ಆಫ್ ಸ್ಟಾಫ್, ಅಂದರೆ ನಾವು ಆಪ್ತ ಕಾರ್ಯದರ್ಶಿ ಎನ್ನುವ ರಾಜಕೀಯ ನೇಮಕದ ವ್ಯಕ್ತಿ. ಹೊರತೆಗೆದ ಎಕರೆಗಳಲ್ಲಿ ಶೇ. 92ರಷ್ಟು, ಅವರನ್ನು ನೇರವಾಗಿ ತಲುಪಬಲ್ಲವರಾಗಿದ್ದ ಬೆರಳೆಣಿಕೆಯ ಡೆವಲಪರ್‌ಗಳಿಗೆ ಸಂಬಂಧಿಸಿದವು. ಕಟ್ಟಡೋದ್ಯಮದ ಔತಣಕೂಟವೊಂದರಲ್ಲಿ ಇಬ್ಬರು ಡೆವಲಪರ್‌ಗಳು ಅವರ ಕೈಗೆ ಲಕೋಟೆಗಳನ್ನು ಕೊಟ್ಟಿದ್ದರು. ಲಕೋಟೆ ಎಂದೊಡನೆ ನಮಗೆ ಹಣದ ನೆನಪಾಗುತ್ತದೆ; ಅದರಲ್ಲಿದ್ದದ್ದು ಹಣವಲ್ಲ, ಹೊರತೆಗೆಯಬೇಕಾದ ಜಾಗಗಳ ವಿವರ. ಇಲಾಖೆಯ ಸಿಬ್ಬಂದಿಗೆ ಪರಿಶೀಲನೆಗೆ ಸಿಕ್ಕ ಕಾಲ ಸುಮಾರು ಮೂರು ವಾರ, ಅದೂ ಬಾಯಿ ಬಿಡುವುದಿಲ್ಲ ಎಂಬ ಕರಾರಿನ ಮೇಲೆ. ಈ ತೀರ್ಮಾನದಿಂದ ಭೂಮಾಲೀಕರ ಆಸ್ತಿಯ ಮೌಲ್ಯದಲ್ಲಿ ಆಗಬಹುದಾದ ಏರಿಕೆ ಸುಮಾರು 830 ಕೋಟಿ ಡಾಲರ್. ಮನೆಯ ಗುರಿ ಮುಟ್ಟಲು ಈ ಭೂಮಿ ಬೇಕಾಗಿರಲಿಲ್ಲ ಎಂದೂ ವರದಿ ಹೇಳಿತು. ಸರ್ಕಾರ 15 ಶಿಫಾರಸುಗಳಲ್ಲಿ 14ನ್ನು ಒಪ್ಪಿ, ಭೂಮಿ ತೆಗೆದದ್ದನ್ನು ಮರುಪರಿಶೀಲಿಸಿ ಎಂಬ ಒಂದನ್ನು ಮಾತ್ರ ಒಪ್ಪಲಿಲ್ಲ. ಪಾತ್ರೆಯನ್ನೆಲ್ಲ ತೊಳೆದು ಅನ್ನ ಹಳಸಿದ ಪಾತ್ರೆಯನ್ನು ಮಾತ್ರ ಹಾಗೆಯೇ ಇಟ್ಟ ಹಾಗೆ.

ಆಗಸ್ಟ್ 22ರಂದು ಚೀಫ್ ಆಫ್ ಸ್ಟಾಫ್ ರಾಜೀನಾಮೆ ಕೊಟ್ಟರು. ಆಗಸ್ಟ್ 30ರಂದು ವೇಕ್ ಅವರ ವರದಿ ಬಂತು. ಸಚಿವರು ಸ್ವಂತಕ್ಕೆ ಲಾಭ ಮಾಡಿಕೊಂಡರೆಂದು ಅದು ಹೇಳಲಿಲ್ಲ. ತಮ್ಮ ಸಿಬ್ಬಂದಿ ನಡೆಸುತ್ತಿದ್ದದ್ದನ್ನು ನೋಡಬೇಕಾದವರು ನೋಡದೆ ಕುಳಿತು, ಕೆಲವರ ಖಾಸಗಿ ಹಿತಕ್ಕೆ ದಾರಿ ಮಾಡಿಕೊಟ್ಟು, ಕಾಯಿದೆಯ ಎರಡು ವಿಧಿಗಳನ್ನು ಉಲ್ಲಂಘಿಸಿದ್ದಾರೆ ಎಂದಿತು, ಸದನ ಅವರಿಗೆ ಛೀಮಾರಿ ಹಾಕಬೇಕೆಂದು ಶಿಫಾರಸು ಮಾಡಿತು. ಈ ಎಚ್ಚರದ ಭಾಷೆ ನನಗೆ ಮುಖ್ಯವೆನಿಸುತ್ತದೆ. ಆರೋಪಕ್ಕಿಂತ ಕಡಿಮೆ ಹೇಳಿಯೂ ವರದಿ ಮಂತ್ರಿಯನ್ನು ಕುರ್ಚಿಯಿಂದ ಇಳಿಸಿತು. ಸೆಪ್ಟೆಂಬರ್ 4ರಂದು ಕ್ಲಾರ್ಕ್ ರಾಜೀನಾಮೆ ಕೊಟ್ಟರು. 20ರಂದು ಇನ್ನೊಬ್ಬ ಸಚಿವ ಕಲೀದ್ ರಶೀದ್, ಲಾಸ್ ವೇಗಸ್ ಪ್ರವಾಸವೊಂದರ ಬಗ್ಗೆ ಪ್ರಶ್ನೆಗಳು ಎದ್ದ ಮೇಲೆ ಹೊರನಡೆದರು. ಮರುದಿನವೇ ನಯಾಗರಾ ಫಾಲ್ಸಿನ ಕ್ಷಮಾಪಣೆ.

ಸೋಮವಾರ ಏನಾಗಲಿತ್ತು ಎಂದು ಊಹಿಸುವುದು ಕಷ್ಟವಲ್ಲ. ದಿನಕ್ಕೊಂದು ಗಂಟೆ, ವಾರಕ್ಕೆ ನಾಲ್ಕು ದಿನ, ಕ್ಯಾಮೆರಾಗಳ ಮುಂದೆ, ಹಿಂದಿನ ಚಳಿಗಾಲದಲ್ಲಿ ಕೊಟ್ಟ ಉತ್ತರಗಳನ್ನು ಸ್ಟೈಲ್ಸ್ ಮತ್ತು ಅವರ ಸಂಗಡಿಗರು ಎರಡು ವರದಿಗಳ ಪಕ್ಕದಲ್ಲಿಟ್ಟು ಓದಿ ಹೇಳಬಹುದಿತ್ತು. ಪತ್ರಿಕೆಯಲ್ಲಿ ಬಂದದ್ದನ್ನು ಸರ್ಕಾರ ಗಾಳಿಸುದ್ದಿ ಎನ್ನಬಹುದು. ತನ್ನದೇ ಮಾತನ್ನು ಹಾಗೆನ್ನಲಾಗದು. ಅಕ್ಟೋಬರ್ 10ರಂದು ಕೆನಡಾದ ಕೇಂದ್ರ ಪೊಲೀಸ್ ಪಡೆ ಆರ್‌ಸಿಎಂಪಿ ತಾನು ತನಿಖೆ ಕೈಗೊಂಡಿರುವುದಾಗಿ ತಿಳಿಸಿತು.

ಈ ಕಥೆಯನ್ನು ವಿರೋಧ ಪಕ್ಷದ ಗೆಲುವೆಂದು ಹೇಳಿ ಮುಗಿಸುವ ಆಸೆ ಯಾರಿಗಾದರೂ ಆಗಬಹುದು, ನನಗೆ ಹಾಗೆ ಕಾಣುವುದಿಲ್ಲ. ಭೂಮಿ ಉಳಿದದ್ದು ನಿಜ; ಆದರೆ ಕಾಗದಗಳು ಉಳಿದವೇ ಎಂಬುದು ಬೇರೆ ಪ್ರಶ್ನೆ. ರಾಜಕೀಯ ಸಿಬ್ಬಂದಿ ಇಮೇಲ್‌ಗಳನ್ನು ಅಳಿಸುತ್ತಿದ್ದರು, ಖಾಸಗಿ ಖಾತೆಗಳನ್ನು ಬಳಸುತ್ತಿದ್ದರು ಎಂದು ಆಡಿಟರ್ ಜನರಲ್ ಬರೆದರು. ಗ್ರೀನ್‌ಬೆಲ್ಟ್ ಎಂದು ಬರೆಯುವ ಬದಲು ಜಿ ಅಕ್ಷರದ ಮುಂದೆ ನಕ್ಷತ್ರ ಚಿಹ್ನೆ ಹಾಕುವಂಥ ಸಂಕೇತಗಳ ಬಳಕೆಯೂ ಮುಂದೆ ಬೆಳಕಿಗೆ ಬಂತು. ಮಾಹಿತಿ ಕೋರಿ ಅರ್ಜಿ ಹಾಕಿದವರು ಗ್ರೀನ್‌ಬೆಲ್ಟ್ ಎಂದು ಹುಡುಕಿಸಿದರೆ ಅಂಥ ಕಡತ ಸಿಗುವುದೇ ಇಲ್ಲ. ಪ್ರಶ್ನೆ ಕೇಳುವವರ ಶಕ್ತಿಯೆಲ್ಲ ಇರುವುದು ಬರೆದಿಟ್ಟ ಮಾತಿನಲ್ಲಿ ಎಂದಾದರೆ, ಬರೆಯದಿರುವುದನ್ನು ಕಲಿತ ಸರ್ಕಾರ ಅವರಿಗೆ ಹೆಚ್ಚು ಕಠಿಣ ಎದುರಾಳಿ. ಸದನದಲ್ಲಿ ಗದ್ದಲ ಮಾಡುವ, ಮೈಕ್ ಕಸಿಯುವ ವಿರೋಧ ಪಕ್ಷಗಳ ಬಗ್ಗೆ ನಾವು ಬಹಳ ಬರೆಯುತ್ತೇವೆ. ಕಡತವಿಲ್ಲದೆ ಆಳುವ ಸರ್ಕಾರಗಳ ಬಗ್ಗೆ ಅಷ್ಟು ಬರೆಯುವುದಿಲ್ಲ.

ಮತದಾರರೂ ಬೇರೆಯದೇ ಲೆಕ್ಕ ಹಾಕಿದರು. 2024ರ ಜೂನ್‌ನಲ್ಲಿ ಕ್ಲಾರ್ಕ್ ಅವರು ಸದನದಲ್ಲಿ ಸರ್ಕಾರದ ಕಲಾಪವನ್ನು ನಡೆಸುವ ಹೌಸ್ ಲೀಡರ್ ಆಗಿ ಸಂಪುಟಕ್ಕೆ ಮರಳಿದರು. 2025ರ ಫೆಬ್ರವರಿ 27ರ ಚುನಾವಣೆಯಲ್ಲಿ ಫೋರ್ಡ್ 80 ಸ್ಥಾನಗಳೊಂದಿಗೆ ಮೂರನೆಯ ಬಾರಿ ಬಹುಮತ ಪಡೆದರು, ಸ್ಟೈಲ್ಸ್ ಅವರ ಪಕ್ಷ 27ಕ್ಕೆ ಇಳಿಯಿತು. ಅಮೆರಿಕದ ಸುಂಕದ ಭಯ ಆವರಿಸಿದ್ದ ಚುನಾವಣೆ ಅದು, ಗ್ರೀನ್‌ಬೆಲ್ಟ್ ಯಾರಿಗೂ ನೆನಪಿರಲಿಲ್ಲ ಎಂದು ಹೇಳಲಾರೆ, ಆದರೆ ಅದರ ಮೇಲೆ ಮತ ಬೀಳಲಿಲ್ಲ.

ಕೊನೆಯದಾಗಿ ಒಂದು ಕಾನೂನಿನ ವಿವರ. 2005ರಿಂದ ಗ್ರೀನ್‌ಬೆಲ್ಟಿನ ಗಡಿಯನ್ನು ನಿಗದಿಪಡಿಸುತ್ತಿದ್ದದ್ದು ನಿಯಮಾವಳಿಯ ಮೂಲಕ; ನಿಯಮವನ್ನು ಸಂಪುಟವೇ ತಿದ್ದಬಹುದು, ಸದನಕ್ಕೆ ತರಬೇಕಾಗಿಲ್ಲ. 2022ರಲ್ಲಿ ನಡೆದದ್ದು ಹಾಗೆಯೇ. ತೀರ್ಮಾನವನ್ನು ಹಿಂದಕ್ಕೆ ಪಡೆದ ಮೇಲೆ 2023ರಲ್ಲಿ ಸರ್ಕಾರ ತಂದ 136ನೆಯ ಮಸೂದೆ, ತೆಗೆದ 15 ಜಾಗಗಳನ್ನು ಮರಳಿ ಸೇರಿಸಿದ್ದಲ್ಲದೆ ಗಡಿಯನ್ನು ಕಾಯಿದೆಯೊಳಗೇ ಬರೆದಿಟ್ಟಿತು. ಇನ್ನು ಆ ಗೆರೆಯನ್ನು ಸರಿಸಬೇಕೆಂದರೆ ಮಸೂದೆ ಮಂಡಿಸಬೇಕು, ಅದನ್ನು ಓದಬೇಕು, ಚರ್ಚೆಗೆ ಬಿಡಬೇಕು. ಬಹುಮತವಿದ್ದವರು ಅದನ್ನೂ ಪಾಸು ಮಾಡಿಸಬಹುದು. ಆದರೆ ಆ ದಿನ ಎದುರಿನ ಸಾಲಿನಿಂದ ಯಾರೋ ಒಬ್ಬರು ಎದ್ದು, ಈ ಜಾಗಗಳನ್ನು ಆರಿಸಿದವರು ಯಾರು ಎಂದು ಕೇಳುತ್ತಾರೆ, ಬರಹಗಾರರು ಅದನ್ನು ಬರೆದುಕೊಳ್ಳುತ್ತಾರೆ.