ಬುದ್ಧಿ ಯಾರದ್ದು, ಆಟಗಾರನದ್ದಾ ಪಾತ್ರದ್ದಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಅರ್ಧ ಜನ ರೋಲ್ ಪ್ಲೇಯಿಂಗ್ ಗೇಮ್ ಅನ್ನೋ ಈ ಆಟ ಆಡುವವರು, ಇನ್ನರ್ಧ ಜನ ಅವರು ಬಾ ಬಾ ಅಂತ ಎಳೆದುಕೊಂಡು ಬಂದವರು ಅಂದುಕೊಳ್ಳುತ್ತೇನೆ. ಹಾಗಾಗಿ ಹೊಸಬರಿಗೆ ಮೊದಲು ಎರಡು ಮಾತು. ಟೇಬಲ್ ಸುತ್ತ ನಾಲ್ಕೈದು ಜನ ಕೂತಿರುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ಅವರು ಎದುರಿಗೆ ಏನಿದೆ ಅಂತ ಹೇಳುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡ್ತೀನಿ" ಅನ್ನುತ್ತಾರೆ. ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದರೆ ದಾಳ ಉರುಳಿಸುತ್ತಾರೆ. ಅಷ್ಟೇ.

ಪಾತ್ರದ ಶಕ್ತಿ, ಚುರುಕು, ಬುದ್ಧಿ ಎಲ್ಲಕ್ಕೂ ಆ ಪಾತ್ರದ ವಿವರ ಬರೆದಿಟ್ಟ ಶೀಟಿನಲ್ಲಿ ನಂಬರ್ ಇರುತ್ತದೆ. ಶಕ್ತಿಯ ವಿಷಯದಲ್ಲಿ ಯಾರೂ ಜಗಳ ಆಡುವುದಿಲ್ಲ. ಗ್ಯಾಸ್ ಸಿಲಿಂಡರ್ ಎತ್ತಲು ಪಕ್ಕದ ಮನೆಯವರನ್ನು ಕರೆಯುವ ಹುಡುಗ "ನನ್ನ ಪಾತ್ರ ಬಾಗಿಲು ಒದ್ದು ಮುರಿಯುತ್ತದೆ" ಅಂದರೆ, ಎಲ್ಲಿ ಒದ್ದು ತೋರಿಸು ಅಂತ ಯಾರೂ ಕೇಳುವುದಿಲ್ಲ. ಬುದ್ಧಿಯ ವಿಷಯಕ್ಕೆ ಬಂದರೆ ಮಾತ್ರ ತಕರಾರು ಶುರು. ಶೀಟಿನಲ್ಲಿ ಬುದ್ಧಿ 18 ಇರುವ ಮಾಂತ್ರಿಕನನ್ನು ಆಡುವವನಿಗೆ ಹೋದ ವಾರದ ಕತೆಯೇ ನೆನಪಿರುವುದಿಲ್ಲ. ಬುದ್ಧಿ 6 ಇರುವ ಪೈಲ್ವಾನನ್ನು ಹಿಡಿದವನು ಕೂತ ಜಾಗದಲ್ಲೇ ಇಡೀ ಕೋಟೆಗೆ ಪ್ಲಾನ್ ಹಾಕಿಬಿಡುತ್ತಾನೆ. ಈಗ ಯಾರ ಬುದ್ಧಿ ಲೆಕ್ಕಕ್ಕೆ?

ಈ ಜಗಳ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗ ಆರು ಗುಣಗಳಿದ್ದವು, ಒಂದೊಂದಕ್ಕೂ ಮೂರು ದಾಳ ಹಾಕಿ ಕೂಡಬೇಕಿತ್ತು. 18 ಬೀಳುವುದು 216ರಲ್ಲಿ ಒಂದು ಸಲ. ಆದರೆ ಈಗಿನ ಹಾಗೆ ಸ್ಕಿಲ್‌ಗಳ, ಅಂದರೆ ಪಾತ್ರಕ್ಕೆ ಬರುವ ಕೆಲಸಗಳ, ಉದ್ದನೆಯ ಪಟ್ಟಿ ಇರಲಿಲ್ಲ. ನೆಲದಲ್ಲಿ ಗುಂಡಿ ಇದೆಯಾ ಅಂತ ನೋಡಬೇಕಾದರೆ "ಹತ್ತಡಿ ಕೋಲಿನಿಂದ ಕುಟ್ಟಿ ನೋಡ್ತೀನಿ" ಅಂತ ಆಟಗಾರನೇ ಬಾಯಿ ಬಿಟ್ಟು ಹೇಳಬೇಕು. ಆ ಕೋಲು ಸಾಮಾನಿನ ಪಟ್ಟಿಯಲ್ಲೇ ಇತ್ತು! 1975ರ ಗ್ರೇಹಾಕ್ ಪುರವಣಿಯಲ್ಲಿ ಕಳ್ಳನ ಪಾತ್ರ ಬಂತು. ಬೀಗ ತೆಗೆಯಲು ಇಷ್ಟು ಪರ್ಸೆಂಟ್, ನೆರಳಲ್ಲಿ ಅಡಗಲು ಇಷ್ಟು ಪರ್ಸೆಂಟ್. 2000ದಲ್ಲಿ ಮೂರನೇ ಆವೃತ್ತಿ ಬರುವ ಹೊತ್ತಿಗೆ ಹುಡುಕುವುದು, ಕೇಳಿಸಿಕೊಳ್ಳುವುದು, ಮಾತಾಡಿ ಒಪ್ಪಿಸುವುದು ಎಲ್ಲವೂ ಸ್ಕಿಲ್ ಆಗಿ ಪಟ್ಟಿ ಸೇರಿದ್ದವು. ತಲೆ ಓಡಿಸುವ ಬದಲು ದಾಳ ಓಡಿಸುವ ಚಾಳಿ ಅಲ್ಲಿಂದ ಜಾಸ್ತಿ ಆಯಿತು ಅಂತ ಹಳಬರು ಗೊಣಗುತ್ತಾರೆ. ಪೂರ್ತಿ ಸುಳ್ಳೇನಲ್ಲ.

ನಾನು ಹೇಳಬೇಕು ಅಂತ ಬಂದಿರುವುದು ಇದು: ಬುದ್ಧಿಯ ನಂಬರ್ ಇರುವುದು ಪಾತ್ರಕ್ಕೆ ಏನು ಗೊತ್ತು ಅಂತ ತೀರ್ಮಾನ ಮಾಡಲು. ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದು ಆಟಗಾರನ ಪಾಲು. ಅದನ್ನು ಕಿತ್ತುಕೊಂಡರೆ ಅವನಿಗೆ ಆಡಲು ಏನು ಉಳಿಯಿತು?

ಒಂದು ಕೋಣೆ ತಗೊಳ್ಳಿ. ನಮ್ಮ ಮಧುಗಿರಿ ಕೋಟೆ ಥರದ್ದೇ ಒಂದು ಕೋಟೆ, ಬೆಟ್ಟದ ಮೇಲೆ ಹಳೇ ಕಣಜ, ಗೋಡೆ ಮೇಲೆ ಹಳಗನ್ನಡದ ಶಾಸನ. ಓದಲು ದಾಳದ ನಂಬರ್, ಪಾತ್ರದ ಬೋನಸ್ ಎರಡೂ ಕೂಡಿ 15 ಮುಟ್ಟಬೇಕು ಅಂತ ಗೇಮ್ ಮಾಸ್ಟರ್ ಇಟ್ಟಿದ್ದಾರೆ. 2014ರ ಐದನೇ ಆವೃತ್ತಿಯ ಲೆಕ್ಕದಲ್ಲಿ ಬುದ್ಧಿ 18 ಇರುವ ಪಂಡಿತೆಗೆ ಅದರಿಂದ 4, ಇತಿಹಾಸ ಕಲಿತದ್ದಕ್ಕೆ ಇನ್ನೂ 2, ಒಟ್ಟು 6 ಸೇರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 9 ಅಥವಾ ಮೇಲೆ ಬೀಳಬೇಕು, ಅಂದರೆ 60 ಪರ್ಸೆಂಟ್. ಬುದ್ಧಿ 8 ಇರುವ ಸಿಪಾಯಿಗೆ ಒಂದು ಕಳೆಯುತ್ತದೆ, 16 ಬೀಳಬೇಕು, 25 ಪರ್ಸೆಂಟ್. ಇಲ್ಲಿವರೆಗೆ ಸರಿ. ಈಗ ಅಂಥ ನಾಲ್ಕು ಸಿಪಾಯಿಗಳು "ನಾವೂ ಒಂದು ಕೈ ನೋಡ್ತೀವಿ" ಅಂತ ದಾಳ ಹಾಕಿದರೆ, ನಾಲ್ವರಲ್ಲಿ ಒಬ್ಬನಾದರೂ ಓದಿಬಿಡುವ ಸಾಧ್ಯತೆ 68 ಪರ್ಸೆಂಟ್! ಜೀವಮಾನವಿಡೀ ಶಾಸನ ಓದಿದವಳಿಗಿಂತ ನಾಲ್ಕು ಜನ ಸಿಪಾಯಿಗಳೇ ವಾಸಿ ಅಂದಂಗಾಯ್ತು. ಪಂಡಿತೆಯ ಪಾತ್ರ ಹಿಡಿದವರಿಗೆ ಹೊಟ್ಟೆ ಉರಿಯುವುದಿಲ್ವಾ?

ಅದಕ್ಕೇ ಇಂಥ ಕಡೆ ದಾಳ ಬೇಡ ಅನ್ನುತ್ತೇನೆ. ಅದೇ ಆವೃತ್ತಿಯಲ್ಲಿ ಪ್ಯಾಸಿವ್ ಅಂತ ಒಂದು ಲೆಕ್ಕ ಇದೆ, 10ಕ್ಕೆ ಪಾತ್ರದ ಬೋನಸ್ ಸೇರಿಸಿದರೆ ಆಯಿತು. ಪಂಡಿತೆಗೆ 16, ಸಿಪಾಯಿಗೆ 9. ಶಾಸನ 15ರದ್ದು, ಅವಳು ಸುಮ್ನೆ ಓದುತ್ತಾಳೆ. "ಇದು ದಾನಶಾಸನ, ಕೊನೆಯ ಎರಡು ಸಾಲು ಬೇರೆ ಕೈಬರಹ, ಆಮೇಲೆ ಯಾರೋ ಸೇರಿಸಿದ್ದಾರೆ" ಅಂತ ಗೇಮ್ ಮಾಸ್ಟರ್ ಅವಳಿಗೆ ಹೇಳುತ್ತಾರೆ. ಸಿಪಾಯಿಗೆ ಹೇಳುವುದು ಇಷ್ಟೇ, "ಗೋಡೆ ಮೇಲೆ ಏನೋ ಕೆತ್ತಿದೆ." ಆದರೆ ಆ ಎರಡು ಸಾಲಿನ ಹಿಂದೆ ಏನಿರಬಹುದು ಅಂತ ಊಹೆ ಮಾಡುವ ಹಕ್ಕು ಇಬ್ಬರಿಗೂ ಇದೆ. ಸಿಪಾಯಿಯ ಆಟಗಾರನಿಗೆ ಹೊಳೆದರೆ ಹೊಳೆಯಲಿ ಬಿಡಿ. "ನಿನ್ನ ಪಾತ್ರಕ್ಕೆ ಅಷ್ಟು ಬುದ್ಧಿ ಇಲ್ಲ, ಬಾಯಿ ಮುಚ್ಚು" ಅನ್ನುವ ಗೇಮ್ ಮಾಸ್ಟರ್ ಜೊತೆ ನಾನಂತೂ ಆಡುವುದಿಲ್ಲ. ಅಷ್ಟಕ್ಕೂ ಬುದ್ಧಿ 8 ಅಂದರೆ ಪೆದ್ದ ಅಂತಲ್ಲ. ಸಾಮಾನ್ಯ ಮನುಷ್ಯನಿಗೆ 10 ಇರುತ್ತದೆ, ದಾಳದ ಲೆಕ್ಕದಲ್ಲಿ ವ್ಯತ್ಯಾಸ ಬರೀ 5 ಪರ್ಸೆಂಟ್. ಜೊತೆಗೆ ವಿಸ್ಡಮ್ ಅಂತ ಬೇರೆಯೇ ಒಂದು ಗುಣ ಇದೆ. ಪಾವಗಡದ ಕಡೆ ಕುರಿ ಕಾಯುವ ಅಜ್ಜ ಶಾಸನ ಓದದೇ ಇರಬಹುದು, ಎದುರಿಗೆ ನಿಂತವನು ಸುಳ್ಳು ಹೇಳುತ್ತಿದ್ದಾನೆ ಅಂತ ಮಾತ್ರ ಒಂದೇ ನೋಟಕ್ಕೆ ಹೇಳುತ್ತಾನೆ.

ಉಲ್ಟಾ ತೊಂದರೆಯೂ ಇದೆ. ಪಾತ್ರಕ್ಕೆ ಹೊಳೆಯಲೇಬೇಕಾದದ್ದು ಆಟಗಾರನಿಗೆ ಹೊಳೆಯದೇ ಹೋಗುತ್ತದೆ. 1981ರ ಕಾಲ್ ಆಫ್ ಕ್ತುಲ್ಹು ಅನ್ನೋ ಇನ್ನೊಂದು ಆಟದಲ್ಲಿ ಇದಕ್ಕೆ ಐಡಿಯಾ ರೋಲ್ ಇತ್ತು. ಬುದ್ಧಿಯನ್ನು ಐದರಿಂದ ಗುಣಿಸಿ, 13 ಇದ್ದರೆ 65 ಪರ್ಸೆಂಟ್, ದಾಳ ಅಷ್ಟರೊಳಗೆ ಬಿದ್ದರೆ ಗೇಮ್ ಮಾಸ್ಟರ್ ಒಂದು ಸುಳಿವು ಕೊಡುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಆ ಸುಳಿವು ಸಿಗದೇ ಕತೆ ಮುಂದಕ್ಕೇ ಹೋಗುವುದಿಲ್ಲ ಅಂದರೆ ಅಲ್ಲೂ ದಾಳ ಯಾಕೆ? 2007ರಲ್ಲಿ ರಾಬಿನ್ ಲಾಸ್ ತಂದ ಗಮ್‌ಶೂ ಪದ್ಧತಿ ಇದನ್ನೇ ಹೇಳಿತು: ಸರಿಯಾದ ಸ್ಕಿಲ್ ಇದೆ, ಸರಿಯಾದ ಜಾಗದಲ್ಲಿ ಹುಡುಕಿದ, ಸುಳಿವು ಸಿಕ್ಕಿತು, ಮುಗೀತು.

ಇನ್ನು ಮಾತಿನ ಸ್ಕಿಲ್. ನಮ್ಮ ಪಕ್ಕದಲ್ಲೇ ಗುಬ್ಬಿ ಇದೆ, 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು. ಅಲ್ಲಿ ಮಂತ್ರಿ ಪಾತ್ರ ಮಾಡುವವನು ಮಂತ್ರಿಯಷ್ಟು ಜಾಣ ಆಗಬೇಕಿರಲಿಲ್ಲ, ಮಾತು ಬರೆದು ಕೊಟ್ಟಿರುತ್ತಿದ್ದರು. ನಮ್ಮ ಟೇಬಲ್ಲಿನಲ್ಲಿ ಬರೆದ ಮಾತಿಲ್ಲ. ಸಂಕೋಚದ ಹುಡುಗಿ ಒಬ್ಬಳು ಮಾತಿನ ಮಲ್ಲಿಯಂಥ ರಾಯಭಾರಿಯ ಪಾತ್ರ ಹಿಡಿದಿದ್ದಾಳೆ ಅಂದುಕೊಳ್ಳಿ. ಕೋಟೆ ಬಾಗಿಲಲ್ಲಿ ಕಾವಲುಗಾರ ತಡೆದ. "ಏನು ಹೇಳ್ತೀಯಮ್ಮ, ಅವನ ಹತ್ರ ಮಾತಾಡಿ ತೋರಿಸು" ಅಂದರೆ ಅವಳು ಮುಂದಿನ ವಾರ ಬರುವುದೇ ಇಲ್ಲ. "ಅವನನ್ನ ಒಪ್ಪಿಸಲು ಏನು ಇಟ್ಟುಕೊಂಡು ಹೋಗ್ತೀಯಮ್ಮ?" ಅಂತ ಕೇಳಿ. "ಅವನಿಗೆ ಮೂರು ತಿಂಗಳ ಸಂಬಳ ಬಂದಿಲ್ಲ ಅಲ್ವಾ, ಅದನ್ನ ರಾಜನ ಕಿವಿಗೆ ಹಾಕ್ತೀನಿ ಅಂತೀನಿ" ಅಂದಳು. ಸಾಕು. ಉಪಾಯ ಅವಳದ್ದು, ಒಳ್ಳೆಯ ಉಪಾಯ, ಎರಡು ದಾಳ ಹಾಕಿ ಜಾಸ್ತಿ ಬಿದ್ದದ್ದನ್ನು ತಗೊಳ್ಳಲು ಬಿಡಿ. ಮಾತಿನ ಮೋಡಿ ಪಾತ್ರದ್ದು, ಅದನ್ನು ದಾಳ ನೋಡಿಕೊಳ್ಳುತ್ತದೆ. ಇದೇ ಲೆಕ್ಕ ವಾಚಾಳಿ ಆಟಗಾರನಿಗೂ. ಹತ್ತು ನಿಮಿಷ ಭಾಷಣ ಮಾಡಿದ ಅಂತ ಬೋನಸ್ ಕೊಡಬೇಡಿ, ಅದರಲ್ಲಿ ಹುರುಳಿದ್ದರೆ ಕೊಡಿ.

ಒಗಟಿನ ಬಗ್ಗೆ ಮುಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ. ಒಗಟು ಇಟ್ಟರೆ ಅದು ಆಟಗಾರರಿಗೆ ಇಟ್ಟ ಒಗಟು, ದಾಳ ಹಾಕಿ ಬಿಡಿಸಿದರೆ ಏನು ಮಜಾ? ನಾನು ಮಾಡುವುದು ಇಷ್ಟು: ಬುದ್ಧಿಯ ಬೋನಸ್ ಎಷ್ಟಿದೆಯೋ ಅಷ್ಟು ಸುಳಿವು. ಪಂಡಿತೆಗೆ ನಾಲ್ಕು, ಸಿಪಾಯಿಗೆ ಒಂದೂ ಇಲ್ಲ. ನಾಲ್ಕು ಸುಳಿವು ಕೊಟ್ಟರೂ ಬಿಡಿಸಲು ಆಗದೆ ಎಲ್ಲರೂ ಮುಖ ಮುಖ ನೋಡಿಕೊಂಡು ಕೂತರೆ, ಸಿಪಾಯಿ ಬಾಗಿಲು ಒಡೆಯುತ್ತೇನೆ ಅನ್ನುತ್ತಾನೆ. ಒಡೆಯಲಿ ಬಿಡಿ, ಸದ್ದಿಗೆ ಒಳಗಿರುವವರು ಎದ್ದರೆ ಅದು ಅವರವರ ಹಣೆಬರಹ.